ಹಳೆ ಕಾರು ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತು? ಮೂಲ ಜೋಡಣೆಯ ವಿವರ ಪತ್ತೆ ಮಾಡುವ ಸಮಗ್ರ ಮಾರ್ಗದರ್ಶಿ

ಹಳೆ ಕಾರನ್ನು ಮೂಲರೂಪಕ್ಕೆ ತರಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ಕಾರು ಬಿಚ್ಚುತ್ತಾರೆ, ಭಾಗಗಳನ್ನು ತೊಳೆಯುತ್ತಾರೆ, ಮರಳು ಹೊಡೆಸಿ ಪೇಂಟು ಮಾಡಿಸುತ್ತಾರೆ. ಆಮೇಲೆ ಈ ಬ್ರಾಕೆಟ್ಟಿಗೆ ಯಾವ ಬಣ್ಣವಿತ್ತು, ಈ ಬೋಲ್ಟಿನ ಕೆಳಗೆ ವಾಷರ್ ಇತ್ತೋ ಇಲ್ಲವೋ ಎಂದು ಕೇಳತೊಡಗುತ್ತಾರೆ. ಅಷ್ಟರಲ್ಲಿ ಉತ್ತರ ತೊಳೆದ ನೀರಿನ ಜೊತೆ ಹರಿದುಹೋಗಿರುತ್ತದೆ.

ಹಾಗಾಗಿ ಇಲ್ಲಿ ಹಂತಗಳ ಕ್ರಮವೇ ಮುಖ್ಯ. ಮೂರನೆಯದನ್ನು ಮುಗಿಸದೆ ನಾಲ್ಕಕ್ಕೆ ಹೋಗಬೇಡಿ. ಐದನೆಯದು ಮುಗಿಯುವ ತನಕ ಒಂದೇ ಒಂದು ಬಿಡಿಭಾಗಕ್ಕೂ ದುಡ್ಡು ಕೊಡಬೇಡಿ.

## ಕೈಗೆ ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸು, ಪಕ್ಕದಿಂದ ಬೆಳಕು ಬಿಡಲು ಸಣ್ಣ ಎಲ್‌ಇಡಿ ಟಾರ್ಚು, ಹಲ್ಲಿನ ವೈದ್ಯರು ಬಳಸುವಂಥ ಕನ್ನಡಿ, ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪು (ಇಕ್ಕಟ್ಟಿನೊಳಗೆ ತೂರಿಸುವ ಸಣ್ಣ ಕ್ಯಾಮೆರಾ), ವರ್ನಿಯರ್ ಕ್ಯಾಲಿಪರ್, ಥ್ರೆಡ್ ಗೇಜು, ಪೇಂಟಿನ ದಪ್ಪ ಅಳೆಯುವ ಮೀಟರು. ಇವುಗಳ ಜೊತೆ ಜಿಪ್ ಚೀಲಗಳು, ಅಳಿಸದ ಮಾರ್ಕರ್, ತಂತಿ ಕಟ್ಟಿದ ಚೀಟಿಗಳು, ಹತ್ತಿ ಕಡ್ಡಿ, ಮಿನರಲ್ ಸ್ಪಿರಿಟ್, ಪ್ಲಾಸ್ಟಿಕ್ ಕೆರೆಯುವ ಪಟ್ಟಿ. ಫೋಟೋದಲ್ಲಿ ಬಣ್ಣ ತಪ್ಪಾಗಿ ಬರದಿರಲು ಬೂದು ಬಣ್ಣದ ಒಂದು ಕಾರ್ಡು ಮತ್ತು ಅಳತೆಪಟ್ಟಿ ಪ್ರತಿ ಚಿತ್ರದಲ್ಲೂ ಇರಲಿ.

ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮುಖವಾಡ ಕಡ್ಡಾಯ. ಹಳೆ ಪೇಂಟಿನಲ್ಲಿ ಸೀಸ ಇರುತ್ತದೆ. ಬ್ರೇಕ್ ಲೈನಿಂಗು, ಕ್ಲಚ್ಚು, ಕೆಲವು ಶಾಖತಡೆ ಹಾಳೆಗಳಲ್ಲಿ ಕಲ್ನಾರು ಇರುತ್ತದೆ. ಈ ಭಾಗಗಳ ಧೂಳನ್ನು ಗಾಳಿ ಪೈಪಿನಿಂದ ಊದಬಾರದು, ಒಣಗಿದ ಬ್ರಷ್ಷಿನಿಂದ ಉಜ್ಜಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ.

## ಹಂತ 1: ಇದು ಯಾವ ಕಾರು ಎಂದು ಖಚಿತ ಮಾಡಿಕೊಳ್ಳಿ

ಚಾಸಿಸ್ ನಂಬರು, ಬಾಡಿ ಟ್ಯಾಗು (ಬಾಡಿಯ ವಿವರ ಅಚ್ಚೊತ್ತಿದ ಸಣ್ಣ ತಗಡು), ಎಂಜಿನ್ ನಂಬರು, ಗೇರ್‌ಬಾಕ್ಸ್ ನಂಬರು ಈ ನಾಲ್ಕನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ನೋಂದಣಿ ಪತ್ರದಿಂದ ನಕಲು ಮಾಡಬೇಡಿ. ಲೋಹದ ಮೇಲೆ ಕಂಡದ್ದನ್ನಷ್ಟೇ ಬರೆಯಿರಿ.

ಅಮೆರಿಕದಲ್ಲಿ 17 ಅಕ್ಷರದ ಏಕರೂಪದ ಚಾಸಿಸ್ ನಂಬರು ಬಂದದ್ದು 1981ರ ಮಾದರಿಗಳಿಂದ. ಅದಕ್ಕೂ ಮೊದಲು ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಉದಾಹರಣೆಗೆ 1969ರ ಷೆವರ್ಲೆ ಕಮಾರೊ ಒಂದರ ನಂಬರು 124379ಎನ್ ಎಂದು ಶುರುವಾದರೆ, 1 ಎಂದರೆ ಷೆವರ್ಲೆ, 24 ಎಂದರೆ ವಿ8 ಎಂಜಿನ್ನಿನ ಕಮಾರೊ, 37 ಎಂದರೆ ಕೂಪೆ ಬಾಡಿ, 9 ಎಂದರೆ 1969, ಎನ್ ಎಂದರೆ ಒಹಾಯೊದ ನಾರ್‌ವುಡ್ ಕಾರ್ಖಾನೆ. ಅದೇ ಜಾಗದಲ್ಲಿ ಎಲ್ ಇದ್ದರೆ ಲಾಸ್ ಏಂಜಲೀಸ್, ಅಂದರೆ ವ್ಯಾನ್ ನೈಸ್. ಈ ಒಂದಕ್ಷರವನ್ನು ಹಗುರವಾಗಿ ನೋಡಬೇಡಿ. ಒಂದೇ ಮಾದರಿಯ ಕಾರಾದರೂ ಕಪ್ಪು ಪೇಂಟು ಎಲ್ಲಿಯವರೆಗೆ ಹೊಡೆದರು, ಸೀಲರ್ (ತಗಡಿನ ಸಂದು ಮುಚ್ಚುವ ಅಂಟು) ಹೇಗೆ ಬಳಿದರು, ಪರೀಕ್ಷಕರು ಎಲ್ಲಿ ಗುರುತು ಹಾಕಿದರು ಎಂಬುದು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ.

ಮೂರು ತಾರೀಕುಗಳನ್ನು ಒಂದೇ ಎಂದು ಗೊಂದಲ ಮಾಡಿಕೊಳ್ಳುವುದು ಮಾಮೂಲಿ ತಪ್ಪು: ತಯಾರಾದ ದಿನ, ಕಾರ್ಖಾನೆಯಿಂದ ರವಾನೆಯಾದ ದಿನ, ಮೊದಲ ಸಲ ನೋಂದಣಿಯಾದ ದಿನ. ಮಾರಾಟವಾಗದೆ ನಿಂತ ಕಾರು ತಿಂಗಳುಗಟ್ಟಲೆ ತಡವಾಗಿ ನೋಂದಣಿಯಾಗಿರಬಹುದು. ಮಾದರಿ ವರ್ಷವೂ ಕ್ಯಾಲೆಂಡರ್ ವರ್ಷವೂ ಒಂದಲ್ಲ; ಅಮೆರಿಕದ ಕಾರ್ಖಾನೆಗಳು ಸಾಮಾನ್ಯವಾಗಿ ಹಿಂದಿನ ವರ್ಷದ ಅಲ್ಲಿಯ ಬೇಸಿಗೆಯ ಕೊನೆಗೇ, ಅಂದರೆ ಆಗಸ್ಟ್ ಹೊತ್ತಿಗೇ, ಹೊಸ ಮಾದರಿ ಶುರುಮಾಡುತ್ತಿದ್ದವು.

ಬಾಡಿ ಟ್ಯಾಗಿನ ತಾರೀಕನ್ನೂ ಅರ್ಥ ಮಾಡಿಕೊಂಡು ಓದಬೇಕು. ಮೇಲೆ ಹೇಳಿದ ಕಮಾರೊದ ಟ್ಯಾಗಿನಲ್ಲಿ 03ಸಿ ಎಂದಿದ್ದರೆ ಮಾರ್ಚ್ ತಿಂಗಳ ಮೂರನೆಯ ವಾರ. ಅದು ಬಾಡಿಯ ತಾರೀಕೇ ಹೊರತು ಕಾರು ಪೂರ್ತಿ ಜೋಡಣೆಯಾಗಿ ಹೊರಟ ದಿನವಲ್ಲ. ಕ್ರೈಸ್ಲರ್ ಕಾರುಗಳ ಫೆಂಡರ್ ಟ್ಯಾಗಿನಲ್ಲಿ ಇರುವುದು ಯೋಜಿಸಿದ ತಾರೀಕು. ಅಲ್ಲಿ ಅಕ್ಟೋಬರ್‌ಗೆ ಎ, ನವೆಂಬರ್‌ಗೆ ಬಿ, ಡಿಸೆಂಬರ್‌ಗೆ ಸಿ. ಎ15 ಎಂದರೆ ಅಕ್ಟೋಬರ್ 15. ಕಾರು ಆ ದಿನವೇ ತಯಾರಾಯಿತು ಎಂದು ಅದರಿಂದ ಹೇಳಲಾಗದು.

ಚಾಸಿಸ್ ನಂಬರಿನ ಲೋಹದ ಪಟ್ಟಿಯನ್ನು ಪೇಂಟು ಮಾಡುವ ನೆಪದಲ್ಲೂ ಕಳಚಬೇಡಿ. ಅನೇಕ ದೇಶಗಳಲ್ಲಿ ಅದು ಅಪರಾಧ. ಕಾನೂನಿನ ಮಾತು ಬಿಟ್ಟರೂ, ರಿವೆಟ್ಟು ಬದಲಾದ ಪಟ್ಟಿಯನ್ನು ಮುಂದೆ ಯಾರೂ ನಂಬುವುದಿಲ್ಲ. ಮೇಲೆ ಟೇಪು ಅಂಟಿಸಿ ಮುಚ್ಚಿದರೆ ಸಾಕು.

## ಹಂತ 2: ಕಾಗದ ಹುಡುಕಿ

ಜೋಡಣೆ ಸಾಲಿನ ಕೆಲಸಗಾರರು ಯಾವ ಭಾಗ ಹಾಕಬೇಕೆಂದು ನೋಡಿಕೊಳ್ಳುತ್ತಿದ್ದ ಹಾಳೆಗೆ ಬಿಲ್ಡ್ ಶೀಟ್ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಕಾರಿನೊಳಗೇ ಎಲ್ಲೋ ಬಿಟ್ಟುಬಿಡುತ್ತಿದ್ದರು. ಸೀಟಿನ ಸ್ಪ್ರಿಂಗುಗಳ ನಡುವೆ, ಹಿಂದಿನ ಸೀಟಿನ ಬೆನ್ನಿಗೆ, ಕಾರ್ಪೆಟ್ಟಿನ ಕೆಳಗೆ, ಗ್ಲೋವ್ ಬಾಕ್ಸಿನ ಮೇಲ್ಭಾಗದಲ್ಲಿ, ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಹುಡುಕಿ. ಟ್ಯಾಂಕು ಇಳಿಸುವ ಮುನ್ನ ಎಂಡೋಸ್ಕೋಪು ತೂರಿಸಿ ನೋಡಿ. ಕಾಗದ ತುಕ್ಕಿಗೆ ಅಂಟಿಕೊಂಡಿದ್ದರೆ ಟ್ಯಾಂಕು ಜಾರುವಾಗಲೇ ಹರಿದುಹೋಗುತ್ತದೆ.

ಸಿಕ್ಕಿದರೆ ಎಳೆಯಬೇಡಿ. ಇದ್ದಲ್ಲೇ ಫೋಟೋ ತೆಗೆದು, ಅಗಲವಾದ ಪ್ಲಾಸ್ಟಿಕ್ ಪಟ್ಟಿ ಕೆಳಗೆ ತೂರಿಸಿ ಎತ್ತಿ. ಇಲಿ ಗೂಡು ಕಟ್ಟಿದ್ದರೆ ಸುತ್ತಲಿನ ಕಸವನ್ನು ಸೋಂಕುನಿವಾರಕದಿಂದ ಒದ್ದೆ ಮಾಡಿ ತೆಗೆಯಿರಿ. ಕಾಗದಕ್ಕೆ ಮಾತ್ರ ಹನಿಯೂ ತಾಗಬಾರದು. ಸೆಲ್ಲೋಟೇಪು ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು ಎರಡೂ ಕಾಗದವನ್ನು ಕೊಲ್ಲುವ ಕೆಲಸ. ಆಮ್ಲರಹಿತ ಪಾಲಿಯೆಸ್ಟರ್ ಹಾಳೆಗಳ ನಡುವೆ ಸಡಿಲವಾಗಿ ಇಡಿ.

ಸಿಕ್ಕ ಹಾಳೆ ನಿಮ್ಮ ಕಾರಿನದೇ ಎಂದು ಕುಣಿಯುವ ಮೊದಲು ಅದರ ಮೇಲಿನ ಚಾಸಿಸ್ ನಂಬರು ನೋಡಿ. ಮುಂದಿನದೋ ಹಿಂದಿನದೋ ಕಾರಿನ ಹಾಳೆ ಸೇರಿಕೊಂಡಿರುವುದು ಅಪರೂಪವೇನಲ್ಲ. ಹಾಗಿದ್ದರೂ ಎಸೆಯಬೇಡಿ: ಅದೇ ಕಾರ್ಖಾನೆಯಲ್ಲಿ ಅದೇ ದಿನಗಳಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ಅದೂ ಸಾಕ್ಷಿ.

ಕಾರಿನೊಳಗೆ ಏನೂ ಸಿಗದಿದ್ದರೆ ಕಡತಾಗಾರಗಳಿಗೆ ಬರೆಯಿರಿ. ಫೋರ್ಡ್ ಕಂಪನಿಯ 1967ರ ಮಾದರಿಯಿಂದೀಚಿನ ಅಮೆರಿಕನ್ ಕಾರುಗಳಿಗೆ ಮಾರ್ಟಿ ರಿಪೋರ್ಟ್, ಪಾಂಟಿಯಾಕ್‌ಗೆ ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಕೊಡುವ ಇನ್‌ವಾಯ್ಸ್ ಪ್ರತಿ, ಎಂಜಿ, ಆಸ್ಟಿನ್, ಮಾರಿಸ್, ಟ್ರಯಂಫ್, ರೋವರ್‌ಗಳಿಗೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕೊಡುವ ಹೆರಿಟೇಜ್ ಸರ್ಟಿಫಿಕೇಟು, ಜಾಗ್ವಾರ್‌ಗೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್, ಫೋಕ್ಸ್‌ವ್ಯಾಗನ್‌ಗೆ ವುಲ್ಫ್ಸ್‌ಬರ್ಗ್‌ನ ಆಟೋ ಮ್ಯೂಸಿಯಂ ಪ್ರತಿಷ್ಠಾನ. ಮರ್ಸಿಡಿಸ್‌ನಲ್ಲಿ ಡೇಟಾ ಕಾರ್ಡು, ಪೋರ್ಶೆಯಲ್ಲಿ ಕಾರ್ಡೆಕ್ಸ್ ಎಂಬ ಕಾರ್ಡು ಇದೇ ಕೆಲಸ ಮಾಡುತ್ತವೆ. ಅರ್ಜಿಯ ಜೊತೆ ಮಾಲೀಕತ್ವದ ದಾಖಲೆ, ನಂಬರು ಪಟ್ಟಿಯ ಫೋಟೋ ಕೇಳುವುದುಂಟು. ಉತ್ತರ ಬರಲು ವಾರಗಳೇ ಹಿಡಿಯಬಹುದು. ಅದಕ್ಕೇ ಈ ಕೆಲಸ ಎರಡನೆಯ ಹಂತದಲ್ಲಿದೆ.

ಒಂದು ಎಚ್ಚರಿಕೆ: ಇಂಥ ಪತ್ರಗಳು ಕಾರಿಗೆ ಯಾವ ಬಣ್ಣ, ಯಾವ ಎಂಜಿನ್, ಯಾವ ಆಯ್ಕೆ ಎಂದು ಹೇಳುತ್ತವೆ. ಬೋಲ್ಟಿನ ತಲೆ ಯಾವುದು, ಮೆದುಗೊಳವೆಯ ಕ್ಲಿಪ್ಪು ಯಾವ ಕಡೆಗೆ ತಿರುಗಿತ್ತು ಎಂದು ಹೇಳುವುದಿಲ್ಲ. ಅದು ಲೋಹದ ಮೇಲಿದೆ.

## ಹಂತ 3: ತೊಳೆಯುವ ಮೊದಲು ದಾಖಲಿಸಿ

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತ ಇದು. ಎಲ್ಲರೂ ಹಾರಿಸುವುದೂ ಇದನ್ನೇ. ಇಡೀ ಕಾರಿಗೆ ಏಳೆಂಟು ನೂರು ಫೋಟೋ ಆದರೆ ಹೆಚ್ಚೇನಲ್ಲ. ಕಾರನ್ನು ಹತ್ತು ಹನ್ನೆರಡು ವಲಯಗಳಾಗಿ ಒಡೆದುಕೊಳ್ಳಿ. ಪ್ರತಿ ವಲಯಕ್ಕೂ ಮೂರು ದೂರಗಳಿಂದ ಚಿತ್ರ ಬೇಕು: ಪೂರ್ತಿ ನೋಟ, ತೋಳಿನಳತೆಯ ನೋಟ, ಅಂಗೈಯಗಲದ ನೋಟ. ದೂರದ್ದು ಇಲ್ಲದಿದ್ದರೆ ಹತ್ತಿರದ ಚಿತ್ರದಲ್ಲಿರುವ ಕ್ಲಿಪ್ಪು ಎಡಗಡೆಯದೋ ಬಲಗಡೆಯದೋ ಎಂದು ಆರು ತಿಂಗಳ ನಂತರ ತಿಳಿಯುವುದಿಲ್ಲ.

ಏನನ್ನು ನೋಡಬೇಕು? ವೈರಿಂಗು ಯಾವ ಪೈಪಿನ ಮೇಲಿಂದ ಹೋಗಿದೆ, ಯಾವುದರ ಕೆಳಗಿಂದ ನುಸುಳಿದೆ. ಬೋಲ್ಟು ಯಾವ ದಿಕ್ಕಿನಿಂದ ತೂರಿದೆ. ಕ್ಲಾಂಪಿನ ತಿರುಪು ಯಾವ ಕಡೆ ಮುಖ ಮಾಡಿದೆ. ಸೀಲರ್ ಬಳಿದ ಬ್ರಷ್ಷಿನ ಗೀರು. ಬಾಡಿ ಬಣ್ಣದ ತುಂತುರು ನೆಲದ ತಗಡಿನ ಕೆಳಗೆ ಎಲ್ಲಿಯವರೆಗೆ ಹಾರಿದೆ. ಪ್ರೈಮರ್ ಎಲ್ಲಿ ಬರಿದಾಗಿ ಉಳಿದಿದೆ. ಕಾರ್ಖಾನೆಯವರು ಅಂದವಾಗಿ ಕೆಲಸ ಮಾಡುತ್ತಿರಲಿಲ್ಲ, ವೇಗವಾಗಿ ಮಾಡುತ್ತಿದ್ದರು. ಅವರ ಆ ಅವಸರವೇ ನಿಮಗೆ ಬೇಕಾದ ವಿವರ.

ಪರೀಕ್ಷಕರ ಗುರುತುಗಳನ್ನು ವಿಶೇಷವಾಗಿ ಹುಡುಕಿ. ಬಿಗಿಮಾಡಿದ ನಟ್ಟಿನ ಮೇಲೆ ಬಣ್ಣದ ಚುಕ್ಕೆ, ಡ್ಯಾಶಿನ ಹಿಂದಿನ ತಗಡಿನ ಮೇಲೆ ಕ್ರೇಯಾನಿನ ಬರಹ, ಡ್ರೈವ್‌ಶಾಫ್ಟು ಮತ್ತು ಸ್ಪ್ರಿಂಗುಗಳ ಮೇಲೆ ಬಣ್ಣದ ಪಟ್ಟೆ, ರಬ್ಬರ್ ಸ್ಟ್ಯಾಂಪಿನ ಅಚ್ಚು. ಇವು ಗ್ರೀಸಿನ ಪದರದ ಅಡಿಯಲ್ಲಿ ಬಹಳ ಸಲ ಚೆನ್ನಾಗಿಯೇ ಉಳಿದಿರುತ್ತವೆ. ಮೊದಲು ಪ್ಲಾಸ್ಟಿಕ್ ಪಟ್ಟಿಯಿಂದ ದಪ್ಪ ಕೊಳೆ ಎತ್ತಿ. ಆಮೇಲೆ ಮಿನರಲ್ ಸ್ಪಿರಿಟ್ ಅದ್ದಿದ ಹತ್ತಿ ಕಡ್ಡಿಯನ್ನು ಕಾಣದ ಮೂಲೆಯಲ್ಲಿ ಒತ್ತಿ ನೋಡಿ, ಉಜ್ಜಬೇಡಿ. ಕಡ್ಡಿಗೆ ಕೊಳೆ ಬಿಟ್ಟು ಬೇರೆ ಬಣ್ಣ ಬಂತೋ, ಅಲ್ಲಿಗೆ ನಿಲ್ಲಿಸಿ. ಥಿನ್ನರ್, ಬ್ರೇಕ್ ಕ್ಲೀನರ್, ಬಿಸಿನೀರಿನ ಜೆಟ್ಟು ಇವು ಮೂರೂ ಕ್ರೇಯಾನ್ ಗುರುತನ್ನು ಕ್ಷಣದಲ್ಲಿ ಅಳಿಸುತ್ತವೆ.

ಕಂಡ ಗುರುತಿನ ಅಗಲ, ಉದ್ದ, ಹತ್ತಿರದ ತೂತಿನಿಂದ ಎಷ್ಟು ಮಿಲಿಮೀಟರ್ ದೂರ ಎಂದು ಅಳೆದು ಬರೆಯಿರಿ. ಫೋಟೋ ನೋಡಿ ಅಂದಾಜಿನಲ್ಲಿ ಮತ್ತೆ ಹಾಕಿದ ಗುರುತು ಸಾಮಾನ್ಯವಾಗಿ ಒಂದೂವರೆ ಪಟ್ಟು ದೊಡ್ಡದಾಗಿಯೂ ವಿಪರೀತ ನೀಟಾಗಿಯೂ ಇರುತ್ತದೆ.

## ಹಂತ 4: ಬಿಚ್ಚುವಾಗ ಒಂದು ಜಾಗಕ್ಕೆ ಒಂದು ಚೀಲ

ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಕ್ಕೆ ಸುರಿಯುವುದು ಕಾರಿನ ಅರ್ಧ ಇತಿಹಾಸ ಸುರಿದ ಹಾಗೆ. ಪ್ರತಿ ಜಾಗಕ್ಕೆ ಒಂದು ಚೀಲ, ಚೀಲದ ಮೇಲೆ ವಲಯದ ಸಂಖ್ಯೆ, ಒಳಗೂ ಅದೇ ಬರೆದ ಚೀಟಿ. ಹೊರಗಿನ ಬರಹ ಎಣ್ಣೆ ತಾಗಿ ಅಳಿಸುತ್ತದೆ.

ಬೋಲ್ಟಿನ ತಲೆಯ ಮೇಲೆ ಎರಡು ಬಗೆಯ ಗುರುತು ಇರುತ್ತವೆ. ಗೆರೆಗಳು ಬಲದ ದರ್ಜೆ ಹೇಳುತ್ತವೆ: ಅಮೆರಿಕದ ಪದ್ಧತಿಯಲ್ಲಿ ಮೂರು ಗೆರೆ ಎಂದರೆ ಗ್ರೇಡ್ 5, ಆರು ಗೆರೆ ಎಂದರೆ ಗ್ರೇಡ್ 8. ಅಕ್ಷರಗಳು ಬೋಲ್ಟು ಮಾಡಿದ ಕಂಪನಿಯ ಗುರುತು. ಒಂದೇ ಕಾರಿನಲ್ಲಿ ಮೂರು ನಾಲ್ಕು ತಯಾರಕರ ಬೋಲ್ಟು ಇರುವುದು ಸಹಜ, ಆದರೆ ಜೋಡಿ ಜಾಗಗಳಲ್ಲಿ ಒಂದೇ ಇರಬೇಕು. ಎಡ ಫೆಂಡರಿಗೆ ಒಂದು ಗುರುತು, ಬಲಕ್ಕೆ ಇನ್ನೊಂದು ಇದ್ದರೆ ಒಂದು ಫೆಂಡರು ಎಂದೋ ಕಳಚಿದೆ ಎಂದು ಅನುಮಾನಿಸಿ. ಬ್ರಿಟಿಷ್ ಕಾರುಗಳಲ್ಲಿ ವಿಟ್‌ವರ್ತ್, ಬಿಎಸ್‌ಎಫ್, ಯುಎನ್‌ಎಫ್ ಎಂಬ ಮೂರೂ ಬಗೆಯ ಥ್ರೆಡ್ಡು ಬೆರೆತಿರಬಹುದು, ಥ್ರೆಡ್ ಗೇಜು ಇಲ್ಲದೆ ನಿರ್ಧರಿಸಬೇಡಿ.

ಲೇಪನವನ್ನು ಬೋಲ್ಟಿನ ತಲೆಯಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಥ್ರೆಡ್ಡಿನ ಒಳಭಾಗ, ವಾಷರ್ ಮುಚ್ಚಿದ್ದ ಜಾಗ ನೋಡಿ. ಮಂಕು ಕಪ್ಪು-ಬೂದು ಇದ್ದರೆ ಫಾಸ್ಫೇಟು. ಬೆಳ್ಳಿಯಂಥದ್ದು ಸತುವೂ ಆಗಬಹುದು, ಕ್ಯಾಡ್ಮಿಯಮ್ಮೂ ಆಗಬಹುದು. ಕ್ಯಾಡ್ಮಿಯಂ ವಿಷ, ಅಂಥ ಬೋಲ್ಟನ್ನು ಕಾಯಿಸಬಾರದು, ವೈರ್ ಬ್ರಷ್ ಹಾಕಬಾರದು.

## ಹಂತ 5: ತಾರೀಕುಗಳ ಸರಪಳಿ ಕಟ್ಟಿ

ಒಂದು ಉದ್ದ ಕಾಗದದ ಮೇಲೆ ಕಾರು ತಯಾರಾದ ತಾರೀಕನ್ನು ಬಲತುದಿಗೆ ಬರೆದು, ಸಿಕ್ಕ ಪ್ರತಿ ಭಾಗದ ತಾರೀಕನ್ನು ಅದರ ಎಡಕ್ಕೆ ಜೋಡಿಸುತ್ತಾ ಹೋಗಿ. ಎಂಜಿನ್ ಬ್ಲಾಕಿನ ಎರಕ ಮೊದಲು, ಎಂಜಿನ್ ಜೋಡಣೆ ಆಮೇಲೆ, ಕಾರು ಕೊನೆಗೆ. ಯಾವುದಾದರೂ ಭಾಗದ ತಾರೀಕು ಕಾರಿನ ತಾರೀಕಿಗಿಂತ ಈಚಿನದಾಗಿದ್ದರೆ ಅದು ಕಾರ್ಖಾನೆಯಲ್ಲಿ ಹಾಕಿದ್ದಲ್ಲ. ಕೆಲವು ದಿನಗಳಿಂದ ಎರಡು ಮೂರು ತಿಂಗಳ ಅಂತರ ಸಾಮಾನ್ಯ. ಕಡಿಮೆ ಮಾರಾಟವಾಗುತ್ತಿದ್ದ ಎಂಜಿನ್, ದೂರದಿಂದ ಹಡಗಿನಲ್ಲಿ ಬಂದ ಭಾಗಗಳಿಗೆ ಇನ್ನೂ ಹೆಚ್ಚು ಇರಬಹುದು.

ಓದುವ ಬಗೆಗೆ ಕೆಲವು ಮಾದರಿ. ಷೆವರ್ಲೆ ಬ್ಲಾಕಿನ ಹಿಂಭಾಗದಲ್ಲಿ ಸಿ 12 9 ಎಂಬ ಎರಕದ ಗುರುತಿದ್ದರೆ (ಕ್ರೈಸ್ಲರ್‌ನಂತಲ್ಲ, ಇಲ್ಲಿ ಜನವರಿಯೇ ಎ) ಮಾರ್ಚ್ 12, ವರ್ಷ 9ರಲ್ಲಿ ಕೊನೆಯಾಗುವುದು. ಅದು 1969 ಆಗಬಹುದು, 1979 ಕೂಡ ಆಗಬಹುದು. ಪಕ್ಕದ ಎರಕದ ಸಂಖ್ಯೆ ಯಾವ ದಶಕದ್ದು ಎಂದು ನೋಡಿಯೇ ತೀರ್ಮಾನಿಸಬೇಕು. ಮುಂಭಾಗದಲ್ಲಿ ಬಲ ಹೆಡ್ಡಿನ ಕೆಳಗಿನ ನುಣುಪು ಜಾಗದಲ್ಲಿ ವಿ 0319 ಎಂದು ಕೊರೆದಿದ್ದರೆ ಫ್ಲಿಂಟ್ ಕಾರ್ಖಾನೆಯಲ್ಲಿ ಮಾರ್ಚ್ 19ರಂದು ಜೋಡಿಸಿದ ಎಂಜಿನ್. ವಿ ಬದಲು ಟಿ ಇದ್ದರೆ ಟೊನವಾಂಡ. ಮುಂದಿನ ಎರಡು ಮೂರು ಅಕ್ಷರ ಎಂಜಿನ್ನಿನ ಬಗೆ ಹೇಳುತ್ತವೆ. 1969ರ ಕಮಾರೊ ಝೆಡ್28ರ 302 ಎಂಜಿನ್ನಿಗೆ ಡಿಝೆಡ್.

ಫೋರ್ಡ್ ವರ್ಷವನ್ನು ಮೊದಲು ಬರೆಯುತ್ತದೆ: 7ಸಿ12 ಎಂದರೆ 1967ರ ಮಾರ್ಚ್ 12. ಅವರ ತಿಂಗಳ ಪಟ್ಟಿಯಲ್ಲಿ ಐ ಅಕ್ಷರ ಇಲ್ಲ, ಹಾಗಾಗಿ ಸೆಪ್ಟೆಂಬರ್‌ಗೆ ಜೆ. ಷೆವರ್ಲೆ ಎರಕದಲ್ಲಿ ಸೆಪ್ಟೆಂಬರ್ ಎಂದರೆ ಐ. ಇದನ್ನು ಅದಲುಬದಲು ಮಾಡಿಕೊಂಡು ಸರಿಯಾದ ಬ್ಲಾಕನ್ನೇ ತಪ್ಪೆಂದು ಮಾರಿದವರಿದ್ದಾರೆ. ಹಾಲಿ (Holley) ಕಂಪನಿಯ ಕಾರ್ಬುರೇಟರಿನಲ್ಲಿ ಆ ಕಾಲಕ್ಕೆ ಮೂರಂಕಿ: 923 ಎಂದರೆ 1969, ಫೆಬ್ರವರಿ, ಮೂರನೆಯ ವಾರ. ರಾಚೆಸ್ಟರ್ ಕಂಪನಿಯ ಕಾರ್ಬುರೇಟರಿನಲ್ಲಿ ನಾಲ್ಕಂಕಿ: 0529 ಎಂದರೆ 9ರಲ್ಲಿ ಕೊನೆಯಾಗುವ ವರ್ಷದ 52ನೆಯ ದಿನ, ಅಂದರೆ ಫೆಬ್ರವರಿ 21. ಲೂಕಸ್ ಡೈನಮೊ, ಡಿಸ್ಟ್ರಿಬ್ಯೂಟರ್‌ಗಳ ಮೈಮೇಲೆ ತಿಂಗಳು ಅಥವಾ ವಾರ, ಪಕ್ಕದಲ್ಲಿ ವರ್ಷ. ಗಾಜಿನ ಮೂಲೆಯ ಅಚ್ಚನ್ನೂ ಬಿಡಬೇಡಿ. ಬ್ರಿಟನ್ನಿನ ಟ್ರಿಪ್ಲೆಕ್ಸ್ ಗಾಜಿನಲ್ಲಿ ಅಕ್ಷರಗಳ ಬಳಿಯ ಚುಕ್ಕೆಗಳೇ ತಾರೀಕು.

ಫೋರ್ಡ್ ಭಾಗಗಳ ಸಂಖ್ಯೆಯಲ್ಲಿ ಇನ್ನೊಂದು ಬಲೆ ಇದೆ. ಸಿ5ಎಇ-6015 ಎಂದಿದ್ದರೆ ಸಿ ಎಂದರೆ 1960ರ ದಶಕ, 5 ಎಂದರೆ 1965, ಎ ಎಂದರೆ ದೊಡ್ಡ ಫೋರ್ಡ್ ಕಾರು, ಇ ಎಂದರೆ ಎಂಜಿನ್ ವಿಭಾಗ, 6015 ಎಂದರೆ ಸಿಲಿಂಡರ್ ಬ್ಲಾಕು. ಫೋರ್ಡಿನದೇ ಸಣ್ಣ ಕಾರಾದ ಮುಸ್ತಾಂಗಿನಲ್ಲಿ ಈ ಬ್ಲಾಕು ಕಂಡು ಗಾಬರಿಯಾಗುವವರು ಬಹಳ. ಆ ಸಂಖ್ಯೆ ವಿನ್ಯಾಸ ಮೊದಲು ಯಾವ ಕಾರಿಗೆಂದು ಆಯಿತು ಎನ್ನುತ್ತದೆ. ಯಾವ ಕಾರಿನಲ್ಲಿ ಕೂತಿತು, ಯಾವ ವರ್ಷ ಎರಕವಾಯಿತು ಎಂದಲ್ಲ. ಅದಕ್ಕೆ ಎರಕದ ತಾರೀಕೇ ಬೇಕು.

ನಂಬರು ಕೊರೆದ ಜಾಗವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಬೇಡಿ, ವೈರ್ ಬ್ರಷ್ಷೂ ಬೇಡ. ಸ್ಪಿರಿಟ್‌ನಿಂದ ಒರೆಸಿ, ಟಾರ್ಚನ್ನು ಬಹುತೇಕ ಮಲಗಿಸಿ ಹಿಡಿದು ಚಿತ್ರ ತೆಗೆಯಿರಿ. ಕಾರ್ಖಾನೆಯ ಯಂತ್ರ ಬಿಟ್ಟ ಸಮಾನಾಂತರ ಸಣ್ಣ ಗೀರುಗಳು ಅಕ್ಷರಗಳ ನಡುವೆ ಉಳಿದಿರಬೇಕು. ಗೀರು ಇಲ್ಲದೆ ನುಣ್ಣಗಿದ್ದರೆ, ವೃತ್ತಾಕಾರದ ಉಜ್ಜಿದ ಗುರುತಿದ್ದರೆ, ಬ್ಲಾಕಿನ ಮೇಲ್ಮೈಯನ್ನು ಮೆಷಿನ್ ಮಾಡಿಸಿದ್ದಾರೆ ಅಥವಾ ನಂಬರನ್ನೇ ಮತ್ತೆ ಕೊರೆದಿದ್ದಾರೆ. ಎಂಜಿನ್ ರಿಪೇರಿಗೆ ಕೊಡುವಾಗ ನಿಮ್ಮ ಬ್ಲಾಕಿಗೂ ಇದೇ ಗತಿಯಾಗದಂತೆ, ನಂಬರಿನ ಜಾಗ ಮುಟ್ಟಬಾರದೆಂದು ಬರವಣಿಗೆಯಲ್ಲಿ ಕೊಡಿ.

## ಹಂತ 6: ಪೇಂಟಿನ ಪದರ ಓದಿ

ಮೂಲ ಬಣ್ಣ ಬಿಸಿಲು ತಾಗದ ಕಡೆ ಉಳಿದಿರುತ್ತದೆ: ಬಾಗಿಲ ರಬ್ಬರಿನ ಕೆಳಗೆ, ಡ್ಯಾಶಿನ ಹಿಂದೆ, ಹೀಟರ್ ಪೆಟ್ಟಿಗೆಯ ಅಡಿ, ಹಿಂದಿನ ದೀಪದ ಹಿಂಭಾಗ. ಬಣ್ಣ ಹೋಲಿಸಲು ಇಲ್ಲಿಂದಲೇ ಮಾದರಿ ತೆಗೆದುಕೊಳ್ಳಿ. ಬಾನೆಟ್ಟಿನ ಮೇಲಿನದು ಮಾಸಿದ ಬಣ್ಣ.

ಪದರ ನೋಡಲು ಒಂದು ನಾಣ್ಯದಗಲದ ಜಾಗವನ್ನು 600, 1000, 2000ರ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್) ಇಳಿಜಾರಾಗಿ ಉಜ್ಜಿ. ಬಳೆಗಳ ಹಾಗೆ ಒಂದರೊಳಗೊಂದು ಪದರ ಕಾಣುತ್ತವೆ. ಒಳಗಿನ ಪ್ರೈಮರಿನ ಮೇಲೆ ನೇರವಾಗಿ ಕೂತಿರುವುದೇ ಕಾರ್ಖಾನೆಯ ಬಣ್ಣ. ನಡುವೆ ಇನ್ನೊಂದು ಪ್ರೈಮರ್ ಬಂದರೆ ಅಲ್ಲಿಂದ ಮೇಲಿನದೆಲ್ಲ ಆಮೇಲಿನ ಕೆಲಸ. ಒಂದೇ ಪ್ಯಾನೆಲ್ಲಿನಲ್ಲಿ ಪದರ ಹೆಚ್ಚಿದ್ದರೆ ಅಪಘಾತದ ರಿಪೇರಿ. ಕಡಿಮೆ ಇದ್ದರೆ ಪ್ಯಾನೆಲ್ಲೇ ಬದಲಾಗಿದೆ.

## ಹಂತ 7: ಕಾರ್ಖಾನೆಯ ಪುಸ್ತಕಗಳಿಗೆ ಅವುಗಳ ಜಾಗ ಕೊಡಿ

ಪುಸ್ತಕಗಳು ಬೇರೆಬೇರೆ ಕೆಲಸಕ್ಕೆ ಬರೆದವು. ಅಸೆಂಬ್ಲಿ ಮ್ಯಾನುಯಲ್ಲು ಜೋಡಣೆ ಸಾಲಿಗೆಂದು ಮಾಡಿದ ನಕ್ಷೆಗಳ ಕಟ್ಟು; ಕ್ಲಿಪ್ಪಿನ ಜಾಗ, ಬೋಲ್ಟಿನ ಸಂಖ್ಯೆ, ಬಿಗಿತ ಅದರಲ್ಲಿ ಸಿಗುತ್ತದೆ. ಸರ್ವಿಸ್ ಮ್ಯಾನುಯಲ್ಲು ರಿಪೇರಿಯವರಿಗೆ. ಪಾರ್ಟ್ಸ್ ಬುಕ್ಕು ಅಂಗಡಿಯಲ್ಲಿ ಮಾರುವವರಿಗೆ. ಹಳೆ ಸಂಖ್ಯೆ ರದ್ದಾಗಿ ಹೊಸ ಭಾಗ ಅದರ ಜಾಗಕ್ಕೆ ಬಂದಿರುತ್ತದೆ, ಹಾಗಾಗಿ ಕಾರು ತಯಾರಾದ ವರ್ಷಕ್ಕೆ ಆದಷ್ಟು ಹತ್ತಿರದ ಮುದ್ರಣವೇ ಬೇಕು.

ಅಸೆಂಬ್ಲಿ ಮ್ಯಾನುಯಲ್ಲಿನ ಹಾಳೆ ಓದುವಾಗ ಮೊದಲು ಅಂಚಿನ ತಿದ್ದುಪಡಿ ಕೋಷ್ಟಕ ನೋಡಿ. ನಿಮ್ಮ ಕಾರು ಆ ತಿದ್ದುಪಡಿಗೂ ಮೊದಲು ತಯಾರಾಗಿದ್ದರೆ ಹಾಳೆಯಲ್ಲಿರುವುದು ನಿಮಗೆ ಅನ್ವಯಿಸದು. ನಕ್ಷೆಗೂ ಮುಟ್ಟದ ಕಾರಿಗೂ ತಾಳೆಯಾಗದಿದ್ದರೆ ಕಾರನ್ನೇ ನಂಬಿ. ಮಾರಾಟದ ಬ್ರೋಷರಿನ ಚಿತ್ರಗಳನ್ನು ಮಾತ್ರ ಪುರಾವೆಯಾಗಿ ಬಳಸಬೇಡಿ: ಅವು ಬಹಳ ಸಲ ಉತ್ಪಾದನೆ ಶುರುವಾಗುವ ಮೊದಲಿನ ಮಾದರಿ ಕಾರುಗಳು, ಮೇಲೆ ಬಣ್ಣ ತಿದ್ದಿದವು.

## ಹಂತ 8: ಹೋಲಿಕೆಗೆ ಮುಟ್ಟದ ಕಾರು ಹುಡುಕಿ

ನಿಮ್ಮ ಕಾರಿನಲ್ಲಿ ಸಾಕ್ಷಿ ಅಳಿದುಹೋದ ಜಾಗಗಳಿಗೆ ಅದೇ ಕಾರ್ಖಾನೆಯಲ್ಲಿ, ಹಿಂದುಮುಂದಿನ ಕೆಲವೇ ವಾರಗಳಲ್ಲಿ ತಯಾರಾದ, ಯಾರೂ ಬಿಚ್ಚದ ಕಾರು ಬೇಕು. ಕನಿಷ್ಠ ಮೂರು ನೋಡಿ. ಒಂದರಲ್ಲಿ ಕಂಡದ್ದು ಆ ದಿನದ ಕೆಲಸಗಾರನ ಚಾಳಿಯಾಗಿರಬಹುದು. ಮೂರರಲ್ಲೂ ಇದ್ದರೆ ಅದು ಸಾಲಿನ ಪದ್ಧತಿ. ಬಹುಮಾನ ಗೆದ್ದು ಹೊಳೆಯುತ್ತಿರುವ ಕಾರಿನಿಂದ ನಕಲು ಮಾಡಬೇಡಿ. ಅದನ್ನು ಮಾಡಿದವರು ಇನ್ನೊಂದರಿಂದ ನಕಲು ಮಾಡಿರುತ್ತಾರೆ, ತಪ್ಪು ಹಾಗೆಯೇ ಕೈದಾಟುತ್ತದೆ.

## ಹಂತ 9: ಈಗ ಕೊಳ್ಳಿ, ಈ ಲಕ್ಷಣ ಕಂಡರೆ ನಿಲ್ಲಿ

ಹಳೆ ದಾಸ್ತಾನಿನ ಪ್ಯಾಕ್ ಒಡೆಯದ ಭಾಗ ಎಂದ ಕೂಡಲೇ ಅದು ಜೋಡಣೆ ಸಾಲಿನ ಭಾಗವೇ ಆಗಬೇಕೆಂದಿಲ್ಲ. ರಿಪೇರಿಗೆಂದು ಮಾಡಿದ ಭಾಗಕ್ಕೆ ಬೇರೆ ಲೇಪನ, ಬೇರೆ ತಾರೀಕು, ಹೆಚ್ಚುವರಿ ತೂತುಗಳು ಇರಬಹುದು. ಡಬ್ಬದ ಮೇಲಿನ ಸಂಖ್ಯೆಯನ್ನು ಬಿಟ್ಟು ಭಾಗದ ಮೇಲಿನದನ್ನು ಐದನೆಯ ಹಂತದ ಪಟ್ಟಿಗೆ ಹೋಲಿಸಿ. ಮಾರುವವರು ತಾರೀಕಿನ ಗುರುತಿನ ಸ್ಪಷ್ಟ ಚಿತ್ರ ಕೊಡಲು ಹಿಂದೇಟು ಹಾಕಿದರೆ, ಹಳೆಯದೆನ್ನುವ ಬಿಲ್ಡ್ ಶೀಟಿನ ಮಡಿಕೆಗಳು ತುಕ್ಕಿನ ಕಲೆಗೆ ಹೊಂದದಿದ್ದರೆ, ಟ್ಯಾಗಿನ ತಿರುಪು ಹೊಚ್ಚಹೊಸದಾಗಿದ್ದರೆ, ಸರಪಳಿಯ ಪ್ರತಿ ತಾರೀಕೂ ಕಾರಿಗಿಂತ ಒಂದೇ ವಾರ ಮುಂಚಿನದಾಗಿ ಅತಿ ಅಚ್ಚುಕಟ್ಟಾಗಿದ್ದರೆ ವ್ಯವಹಾರ ಅಲ್ಲಿಗೆ ಬಿಡಿ.

ಪ್ರತಿ ಭಾಗದ ಹೆಸರಿನ ಮುಂದೆ ಪುರಾವೆ ಎಲ್ಲಿಯದು ಎಂದು ಗುರುತು ಹಾಕಿ: ಇದೇ ಕಾರಿನದಕ್ಕೆ 1, ಈ ಕಾರಿನ ಕಾಗದಕ್ಕೆ 2, ಮುಟ್ಟದ ಜೊತೆ ಕಾರಿಗೆ 3, ಪುಸ್ತಕಕ್ಕೆ 4, ಯಾರೋ ಹೇಳಿದ್ದಕ್ಕೆ 5. ಬರಿ 5 ಇರುವ ಭಾಗಗಳನ್ನು ಕೊನೆಗೆ ಉಳಿಸಿಕೊಳ್ಳಿ. ಅವಕ್ಕೆ ಸುಲಭವಾಗಿ ತೆಗೆಯಬಹುದಾದ ಬಣ್ಣ ಹಚ್ಚಿ, ಹಳೆ ಬೋಲ್ಟಿನ ಚೀಲ ಎಸೆಯದೆ ಪಟ್ಟಿಯ ಜೊತೆಗೇ ಇಟ್ಟಿರಿ.